ಬಳ್ಳಾರಿಯಲ್ಲಿ ಸೈಕಲ್‌ಗೆ ದಾರಿ: ಬಿಳಿ ಗೆರೆ ಸಾಕಾ, ಕಲ್ಲೇ ಬೇಕಾ?

ಕಟಿಂಗ್ ಮಾಸ್ಟರ್, ಕೌಲ್ ಬಜಾರ್

ಎಲ್ಲರಿಗೂ ನಮಸ್ಕಾರ. ನಾನು ಜೀನ್ಸ್ ಯೂನಿಟ್ ಒಂದರಲ್ಲಿ ಕಟಿಂಗ್ ಮಾಸ್ಟರ್. ವಯಸ್ಸು 51. ಇಪ್ಪತ್ತೆರಡು ವರ್ಷದಿಂದ ದಿನಾ ಸೈಕಲ್ ಮೇಲೇ ಕೆಲಸಕ್ಕೆ ಹೋಗುತ್ತೇನೆ. ಫಿಟ್‌ನೆಸ್ ಗಿಟ್‌ನೆಸ್ ಏನಿಲ್ಲ. ಸೈಕಲ್ ಇದೆ, ಪೆಟ್ರೋಲ್ ಕೇಳಲ್ಲ, ಅಷ್ಟೇ.

ಹೋದ ಮಂಗಳವಾರದ ಕಥೆ ಕೇಳಿ. ಬೆಳಿಗ್ಗೆ ಎಂಟೂ ಕಾಲು. ಹಿಂದಿನಿಂದ ಲಾರಿ ಹಾರ್ನ್ ಹೊಡೆಯಿತು. ಎಡಕ್ಕೆ ಸರಿದೆ. ಡಾಂಬರು ಅಲ್ಲಿಗೆ ಮುಗಿಯುತ್ತದೆ. ಅದರ ಕೆಳಗೆ ನಾಲ್ಕು ಬೆರಳು ತಗ್ಗು, ತಗ್ಗಿನಲ್ಲಿ ಸಡಿಲ ಮರಳು. ಮುಂದಿನ ಗಾಲಿ ಇಳಿಯಿತು, ಹಿಂದಿನದು ಮೇಲೇ ಉಳಿಯಿತು. ಲಾರಿ ಹೋದ ಮೇಲೆ ಮತ್ತೆ ಹತ್ತಿಸಲು ಹ್ಯಾಂಡಲ್ ತಿರುಗಿಸಿದೆ. ಗಾಲಿ ಡಾಂಬರಿನ ಅಂಚಿಗೆ ಉಜ್ಜಿಕೊಂಡೇ ಹೋಯಿತು, ಹತ್ತಲಿಲ್ಲ. ಬಿದ್ದೆ. ಪುಣ್ಯಕ್ಕೆ ಎಡಕ್ಕೆ ಬಿದ್ದೆ. ಬುತ್ತಿ ಡಬ್ಬಿ ಮಾತ್ರ ಬಲಕ್ಕೆ ಹಾರಿತು. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನ ಟ್ರೇಲರ್ ಅದರ ಮೇಲೆ ಹೋಯಿತು. ಒಳಗೆ ರೊಟ್ಟಿ, ಪುಂಡಿಪಲ್ಯ. ಡಬ್ಬಿನೂ ರೊಟ್ಟಿ ಥರಾನೇ ಆಗಿತ್ತು. ಮನೆಯಲ್ಲಿ ಡಬ್ಬಿ ಕಳೆದುಹೋಯಿತು ಅಂದಿದ್ದೇನೆ.

ಯೂನಿಟ್‌ನಲ್ಲಿ ಹುಡುಗರು ಹೇಳಿದರು, ರಸ್ತೆ ಬದಿಗೆ ಸೈಕಲ್‌ಗೆ ಅಂತ ಒಂದು ಬಿಳಿ ಗೆರೆ ಎಳೆಸಿದರೆ ಸರಿ ಹೋಗುತ್ತೆ ಅಂತ. ನನಗೆ ನಂಬಿಕೆ ಇಲ್ಲ. ಗೆರೆ ಬಿಡಿಸುವುದು ನನ್ನ ಕಸುಬು. ಬಟ್ಟೆ ಮೇಲೆ ಚಾಕ್‌ಪೀಸ್ ಗೆರೆ ಎಳೆದ ಮಾತ್ರಕ್ಕೆ ಬಟ್ಟೆ ಎರಡಾಗಲ್ಲ, ಕತ್ತರಿ ಬೇಕು. ರಸ್ತೆಯಲ್ಲೂ ನಡುವೆ ಕಲ್ಲು ಬೇಕು ಅನ್ನೋದು ನನ್ನ ವಾದ. ನಿಮಗೇನು ಅನಿಸುತ್ತೆ?

ಗಾಂಧಿನಗರ ಗುಂಡ

ಮೊದಲು ರಸ್ತೆಗೆ ರಸ್ತೆ ಕೊಡಲಿ. ಆಮೇಲೆ ಸೈಕಲ್‌ಗೆ ನೋಡೋಣ.

ಬೆಂಗಳೂರು ರೋಡ್ ಅಂಗಡಿ

ಮಾಸ್ಟರ್, ಬಿದ್ದಿದ್ದು ಕೇಳಿ ಬೇಜಾರಾಯಿತು. ಆದರೆ ಒಂದು ಮಾತು. ನಮ್ಮ ಬಜಾರಿನ ಕಡೆ ಜಾಗ ಎಲ್ಲಿದೆ? ಗಿರಾಕಿ ಗಾಡಿ ನಿಲ್ಲಿಸೋದಕ್ಕೇ ಜಗಳ. ಅದರಲ್ಲಿ ಇನ್ನೊಂದು ಐದಾರು ಅಡಿ ಸೈಕಲ್‌ಗೆ ಕೊಟ್ಟು ಕಲ್ಲು ಹುಗಿದರೆ ನಾವು ಶಟರ್ ಎಳೆದು ಮನೆಗೆ ಹೋಗಬೇಕು. ಈಗ ಸೈಕಲ್ ಹೊಡೆಯೋರು ತಾನೆ ಎಷ್ಟು ಜನ ಉಳಿದಿದ್ದಾರೆ?

ಬ್ರೂಸ್‌ಪೇಟೆ ಸಿವಿಲ್

ನಾನು ಸಿವಿಲ್ ಇಂಜಿನಿಯರಿಂಗ್ ಕೊನೆ ವರ್ಷ. ಮಾಸ್ಟರ್ ಮಾತಿಗೆ ನೂರಕ್ಕೆ ನೂರು ಹೌದು ಅನ್ನುತ್ತೇನೆ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

2019ರಲ್ಲಿ ಅಮೆರಿಕದ ಕೊಲರಾಡೊ ಡೆನ್ವರ್ ಮತ್ತು ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಇಬ್ಬರು ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿನ 12 ದೊಡ್ಡ ಊರುಗಳ 13 ವರ್ಷದ ಅಪಘಾತದ ಲೆಕ್ಕ ತೆಗೆದರು. 17,000 ಸಾವು, 77,000 ಗಂಭೀರ ಗಾಯ. ಸೈಕಲ್ ಜಾಸ್ತಿ ಇರುವ ಊರುಗಳಲ್ಲಿ ರಸ್ತೆ ಸಾವು ಕಡಿಮೆ ಅಂತ ಮೊದಲೇ ಗೊತ್ತಿತ್ತು. ಬಹುಶಃ ಸೈಕಲ್ ಸವಾರರು ಜಾಸ್ತಿ ಆದಷ್ಟೂ ಕಾರಿನವರು ಹುಷಾರಾಗುತ್ತಾರೆ ಅಂತ ಇವರೂ ಅಂದುಕೊಂಡಿದ್ದರು. ಲೆಕ್ಕ ಹಾಕಿ ನೋಡಿದರೆ ಜೋರಾದ ಕಾರಣ ಬೇರೆ ಇತ್ತು: ಕಲ್ಲು, ಕಟ್ಟೆ, ಗೂಟ ಹಾಕಿ ಬೇರೆ ಮಾಡಿದ ಸೈಕಲ್ ದಾರಿ. ಅಂಥ ದಾರಿ ಚೆನ್ನಾಗಿರುವ ಊರುಗಳಲ್ಲಿ ಸಾವಿನ ಪ್ರಮಾಣ ಸರಾಸರಿ ಊರಿಗಿಂತ ನೂರಕ್ಕೆ 44ರಷ್ಟು ಕಡಿಮೆ. ಬರೀ ಬಣ್ಣದ ಗೆರೆ ಎಳೆದ ಕಡೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಇದು ಬರೀ ಸೈಕಲ್‌ನವರ ಸಾವಿನ ಲೆಕ್ಕ ಅಂದುಕೊಳ್ಳಬೇಡಿ. ನಡೆಯುವವರು, ಕಾರಿನೊಳಗೆ ಕೂತವರು, ಎಲ್ಲರದ್ದೂ ಸೇರಿ.

ಆಟೋ ಅಣ್ಣ, ಮೋತಿ ಸರ್ಕಲ್

ಸೈಕಲ್‌ಗೆ ಕಲ್ಲು ಹಾಕಿದರೆ ಕಾರಿನವನು ಹೆಂಗೆ ಬದುಕ್ತಾನೆ? ಅಮೆರಿಕದ ಲೆಕ್ಕ ಬಳ್ಳಾರಿಗೆ ತಂದು ಇಡಬೇಡಿ ಮೇಡಂ.

ಬ್ರೂಸ್‌ಪೇಟೆ ಸಿವಿಲ್

ಒಳ್ಳೆ ಪ್ರಶ್ನೆ ಅಣ್ಣಾ. ಖಾಲಿ ಅಗಲ ರಸ್ತೆ ಕಂಡರೆ ನೀವೇ ಏನು ಮಾಡುತ್ತೀರಿ? ಆಕ್ಸಿಲರೇಟರ್ ತಿರುಗಿಸುತ್ತೀರಿ. ಅದೇ ಎಡಗಡೆ ಒಂದು ಕಟ್ಟೆ ಬಂದು ರಸ್ತೆ ಕಿರಿದಾಗಿ ಕಂಡರೆ ಕೈ ತಾನಾಗಿ ಸಡಿಲವಾಗುತ್ತೆ. ಯಾರೂ ಬೋರ್ಡ್ ಓದಿ ನಿಧಾನ ಮಾಡಲ್ಲ, ಕಣ್ಣಿಗೆ ಭಯ ಆದರೆ ಮಾಡುತ್ತಾರೆ. ವೇಗ ಎರಡು ಪಟ್ಟಾದರೆ ಗುದ್ದಿನ ಶಕ್ತಿ ನಾಲ್ಕು ಪಟ್ಟು. ಸರಾಸರಿ ವೇಗ ನೂರಕ್ಕೆ 1 ಜಾಸ್ತಿ ಆದರೂ ಸಾವಿನ ಅಪಘಾತದ ಅಪಾಯ ನೂರಕ್ಕೆ 4 ಏರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳುತ್ತೆ.

ಇನ್ನೊಂದು, ರಸ್ತೆ ದಾಟುವ ಅಜ್ಜಿ. ಈಗ ಅವರು ಈ ಬದಿಯಿಂದ ಡಿವೈಡರ್‌ವರೆಗೆ ಒಂದೇ ಉಸಿರಿಗೆ ಓಡಬೇಕು. ಕಟ್ಟೆ ಇದ್ದರೆ ಸೈಕಲ್ ದಾರಿ ದಾಟಿ ಅಲ್ಲಿ ನಿಂತು, ನೋಡಿ, ಆಮೇಲೆ ಉಳಿದದ್ದು ದಾಟಬಹುದು.

ನಮ್ಮ ದೇಶದ್ದೇ ಲೆಕ್ಕ ಬೇಕಾ? 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ನೂರಕ್ಕೆ 44 ಜನ ಬೈಕ್, ಸ್ಕೂಟರಿನವರು. ಹತ್ತಿರಹತ್ತಿರ 20 ಜನ ನಡೆದು ಹೋಗುತ್ತಿದ್ದವರು. ವೇಗ ಇಳಿದರೆ ಮೊದಲು ಉಳಿಯುವುದು ಇವರೇ.

ಎಂಟನೇ ಕ್ಲಾಸ್ ಟೀಚರ್

"ಸೈಕಲ್ ಹೊಡೆಯೋರು ಎಷ್ಟು ಜನ ಉಳಿದಿದ್ದಾರೆ" ಅಂತ ಅಂಗಡಿಯವರು ಕೇಳಿದರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಸರ್ಕಾರ 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು, ನೆನಪಿರಬೇಕು. ಸೈಕಲ್ ಬಂದ ದಿನ ಶಾಲೆ ಮೈದಾನ ಜಾತ್ರೆ. ಹುಡುಗಿಯರು ಮೂರು ಮೂರು ಜನ ಸಾಲಾಗಿ ಮಾತಾಡಿಕೊಂಡು ಮನೆಗೆ ಹೋಗೋರು. ಕೋವಿಡ್ ಬಂದ ವರ್ಷ ಅದು ನಿಂತಿತು. ಆದರೆ ಅದಕ್ಕೂ ಮುಂಚೆನೇ ನಮ್ಮ ಕ್ಲಾಸಿನ ಒಬ್ಬ ಹುಡುಗಿ ಸೈಕಲ್ ಬಿಟ್ಟು ಆಟೋದಲ್ಲಿ ಬರೋಕೆ ಶುರು ಮಾಡಿದ್ದಳು. ಒಂದೇ ಆಟೋದಲ್ಲಿ ಹನ್ನೊಂದು ಮಕ್ಕಳು. ಒಂದು ದಿನ ಅವಳ ಮನೆಗೆ ಹೋದೆ. ಸೈಕಲ್ ಅಂಗಳದಲ್ಲೇ ಇತ್ತು, ಹ್ಯಾಂಡಲ್ ಮೇಲೆ ಟವೆಲ್ ಒಣಗುತ್ತಿತ್ತು, ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಅವರ ಅಪ್ಪ ಹೇಳಿದರು: "ಸೈಕಲ್ ಚಲೋ ಐತಿ ಟೀಚರ್. ರಸ್ತೆನೇ ಚಲೋ ಇಲ್ಲ."

ಸೈಕಲ್ ಹೊಡೆಯೋರು ಕಡಿಮೆ ಆಗಿದ್ದಾರೆ ನಿಜ. ಅವರಿಗೆ ಬೇಡವಾಗಿ ಅಂತೀರಾ?

ಗಾಂಧಿನಗರ ಗುಂಡ

ಟೀಚರ್ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಮೊದಲಿನ ಮಾತು ವಾಪಸ್.

ಬ್ರೂಸ್‌ಪೇಟೆ ಸಿವಿಲ್

ಟೀಚರ್, ನೆದರ್‌ಲ್ಯಾಂಡ್ಸ್ ಕಥೆ ನೆನಪಾಯಿತು. ಈಗ ಅದನ್ನ ಸೈಕಲ್ ದೇಶ ಅಂತೀವಿ. ಮೊದಲಿಂದ ಹಂಗೇ ಇತ್ತು ಅಂತ ಅಂದುಕೊಂಡರೆ ತಪ್ಪು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲೂ ಕಾರು ತುಂಬಿ ಸೈಕಲ್ ಮೂಲೆ ಸೇರಿತ್ತು. 1971ರಲ್ಲಿ ಆ ಸಣ್ಣ ದೇಶದಲ್ಲಿ ರಸ್ತೆಯಲ್ಲಿ ಸತ್ತವರು ಸುಮಾರು 3,300 ಜನ. ಅದರಲ್ಲಿ ಮಕ್ಕಳೇ 400ಕ್ಕೂ ಜಾಸ್ತಿ. ಅಪ್ಪ ಅಮ್ಮಂದಿರು "ಮಕ್ಕಳ ಕೊಲೆ ನಿಲ್ಲಿಸಿ" ಅಂತ ಬೀದಿಗೆ ಇಳಿದರು. 1973ರಲ್ಲಿ ಪೆಟ್ರೋಲ್ ಬರ ಬೇರೆ ಬಂತು. ಬೇರೆ ಮಾಡಿದ ಸೈಕಲ್ ದಾರಿ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಬಂದದ್ದು ಆಮೇಲೆ.

ಆಟೋ ಅಣ್ಣ, ಮೋತಿ ಸರ್ಕಲ್

ಹನ್ನೊಂದು ಮಕ್ಕಳ ಆಟೋ ನಂದಲ್ಲ, ಮೊದಲೇ ಹೇಳ್ತೀನಿ.

ಆದರೆ ಅಸಲಿ ತೊಂದರೆ ಯಾರೂ ಹೇಳ್ತಾ ಇಲ್ಲ. ನೀವು ಕಲ್ಲು ಹಾಕಿ ದಾರಿ ಮಾಡಿದ ಮರುದಿನವೇ ಸ್ಕೂಟಿ, ಬೈಕು ಎಲ್ಲಾ ಅದರಲ್ಲೇ ನುಗ್ಗುತ್ತವೆ. ಸುಧಾ ಕ್ರಾಸ್ ರೈಲ್ವೆ ಗೇಟ್ ಹಾಕಿದಾಗ ನೋಡಿ, ಇರುವೆ ಹೋಗುವಷ್ಟು ಸಂದಿ ಇದ್ದರೂ ಬೈಕ್ ಬಿಡ್ತಾರೆ. ಆಗ ನಿಮ್ಮ ಸೈಕಲ್ ಹುಡುಗಿ ಕಲ್ಲಿಗೂ ಬೈಕಿಗೂ ನಡುವೆ ಸಿಕ್ಕಿಹಾಕಿಕೊಳ್ತಾಳೆ. ಹೊರಗಿದ್ದದ್ದೇ ವಾಸಿ ಆಗುತ್ತೆ.

ಕಟಿಂಗ್ ಮಾಸ್ಟರ್, ಕೌಲ್ ಬಜಾರ್

ಆಟೋ ಅಣ್ಣ ಹೇಳಿದ್ದು ರಾತ್ರಿ ತಲೆಯಲ್ಲಿ ಕೊರೆಯಿತು. ಗೂಟ ಹತ್ತಿರ ಹತ್ತಿರ ನೆಟ್ಟರೆ ಸೈಕಲ್ ಹೋಗಿ, ಸ್ಕೂಟಿ ಸಿಕ್ಕಿಹಾಕಿಕೊಳ್ಳಲ್ವಾ ಅಂತ ಯೋಚನೆ. ಕೊರಳಲ್ಲಿ ಟೇಪ್ ಇದ್ದೇ ಇರುತ್ತೆ. ಎದ್ದು ಅಳೆದೆ. ನನ್ನ ಹಳೇ ಸೈಕಲ್ ಹ್ಯಾಂಡಲ್ 22 ಇಂಚು. ಮಗನ ಸ್ಕೂಟಿ, ಕನ್ನಡಿ ಬಿಟ್ಟು, 27 ಇಂಚು. ಪಕ್ಕದ ಮನೆ ಹುಡುಗನ ಗೇರ್ ಸೈಕಲ್ ಅಳೆದೆ. ಅದೂ ಸರಿಯಾಗಿ 27! ಅಲ್ಲಿಗೆ ಆ ಐಡಿಯಾ ಮುಗಿಯಿತು. ಸ್ಕೂಟಿ ತಡೆಯೋ ಗೂಟ ಆ ಹುಡುಗನನ್ನೂ ತಡೆಯುತ್ತೆ. ಗಾಲಿಕುರ್ಚಿಯವರು, ಹಿಂದೆ ಎರಡೂ ಕಡೆ ಹಾಲಿನ ಕ್ಯಾನ್ ಕಟ್ಟಿಕೊಂಡವರು ಅಂತೂ ದೂರ ಉಳಿಯಿತು.

ಹನ್ನೊಂದು ಗಂಟೆ ರಾತ್ರಿಯಲ್ಲಿ ಊರವರ ಸೈಕಲ್‌ಗೆಲ್ಲಾ ಟೇಪ್ ಹಿಡಿದು ಕೂತಿದ್ದೀರಲ್ಲ ಅಂತ ಮನೆಯಲ್ಲಿ ಕೇಳಿದರು. ಡಬ್ಬಿ ಕಥೆನೂ ಆಗಲೇ ಹೊರಬಿತ್ತು.

ಬ್ರೂಸ್‌ಪೇಟೆ ಸಿವಿಲ್

ಮಾಸ್ಟರ್, ನಮ್ಮ ಲ್ಯಾಬ್‌ನಲ್ಲೂ ಯಾರೂ ಇಷ್ಟು ಮಾಡಿಲ್ಲ.

ಅಣ್ಣ ಹೇಳಿದ ತೊಂದರೆ ಸುಳ್ಳಲ್ಲ. ದೆಹಲಿಯಲ್ಲಿ 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ ಬಸ್ ದಾರಿ ಮಾಡಿದಾಗ ಪಕ್ಕದಲ್ಲಿ ಸೈಕಲ್ ದಾರಿನೂ ಮಾಡಿದ್ದರು. ಬೈಕ್‌ಗಳು ನುಗ್ಗುತ್ತಿದ್ದವು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಪ್ಲಾಸ್ಟಿಕ್ ಗೂಟ ನೆಟ್ಟು ಸೈಕಲ್ ದಾರಿ ಮಾಡಿದರು. ಗೂಟಗಳು ಗುದ್ದಿಸಿಕೊಂಡು ಮುರಿದವು.

ಇದರಿಂದ ನಾನು ತಿಳಿದುಕೊಂಡಿದ್ದು ಇಷ್ಟು. ಒಂದು, ಪ್ಲಾಸ್ಟಿಕ್ ಗೂಟ ನಮ್ಮ ಲಾರಿಗಳಿಗೆ ಹಲ್ಲುಕಡ್ಡಿ. ಕಾಂಕ್ರೀಟ್ ಕಟ್ಟೆನೇ ಬೇಕು, ಅದೂ ಉದ್ದಕ್ಕೆ ಒಂದೇ ಸಮ. ನಡುವೆ ನುಗ್ಗುವ ಜಾಗ ಕಡಿಮೆ ಇದ್ದಷ್ಟೂ ಕಾವಲು ಸುಲಭ. ಬಾಯಿ ಇರೋ ಕಡೆ ಮಾತ್ರ ಒಂದು ಸೊಟ್ಟ ತಿರುವು ಕೊಡಬೇಕು. ಸೈಕಲ್ ನಿಧಾನಕ್ಕೆ ತಿರುಗಿಕೊಂಡು ಹೋಗುತ್ತೆ. ಸ್ಕೂಟಿ ಪೂರ್ತಿ ತಡೆಯೋಕಾಗಲ್ಲ, ಆದರೆ ವೇಗವಾಗಿ ನುಗ್ಗೋ ಆಸೆ ಹೋಗುತ್ತೆ. ಬೈಕಿನವನು ಒಳಗೆ ಬರುವುದು ಹೊರಗಿಗಿಂತ ಒಳಗೆ ಬೇಗ ಹೋಗಬಹುದು ಅಂತ ತಾನೆ?

ಎರಡು, ಎತ್ತರ. ಸೈಕಲ್ ದಾರಿ ರಸ್ತೆ ಮಟ್ಟಕ್ಕಿಂತ ಸ್ವಲ್ಪ ಮೇಲಿದ್ದು, ಅಡ್ಡ ಗಲ್ಲಿ ಬಂದ ಕಡೆನೂ ಅದೇ ಎತ್ತರದಲ್ಲಿ ಮುಂದುವರಿಯಬೇಕು. ಆಗ ಗಲ್ಲಿಗೆ ತಿರುಗೋ ಕಾರು ಹಂಪ್ ಹತ್ತಿದ ಹಾಗೆ ಹತ್ತಿ ಇಳಿಯಬೇಕು. ಈಗ ನಾವು ಮಾಡೋದು ಉಲ್ಟಾ. ಫುಟ್‌ಪಾತ್ ಪ್ರತಿ ಗಲ್ಲಿಗೂ ಇಳಿದು ಹತ್ತುತ್ತೆ, ನಡೆಯೋನು ಬೆಟ್ಟ ಹತ್ತಿದ ಹಾಗೆ ಹತ್ತಬೇಕು.

ಭಾರತದಲ್ಲಿ ಇದಕ್ಕೆ ಮಾರ್ಗಸೂಚಿ ಇಲ್ಲ ಅಂತಲ್ಲ. ರಸ್ತೆ ಹೇಗಿರಬೇಕು ಅಂತ ಮಾರ್ಗಸೂಚಿ ಬರೆಯೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 11ನೇ ಸಂಹಿತೆ ಸೈಕಲ್ ದಾರಿಗೆ ಅಂತಲೇ ಇದೆ, 2015ರಲ್ಲಿ ಪರಿಷ್ಕರಿಸಿದ್ದಾರೆ.

ರಿಟೈರ್ಡ್ ತಾತ, ಪಾರ್ವತಿನಗರ

ಎಲ್ಲಾ ಸರಿ ಮಗಳೇ. ಬಳ್ಳಾರಿಗೆ ಇರೋದು ಎರಡೇ ಕಾಲ, ಬೇಸಿಗೆ ಮತ್ತೆ ಕಡುಬೇಸಿಗೆ. ಏಪ್ರಿಲ್ ಮಧ್ಯಾಹ್ನ ಯಾರು ಸೈಕಲ್ ತುಳಿತಾರೆ?

ಗಣಿ ಲಾರಿ ಕಾಲ ನೋಡಿದವನು ನಾನು. ಹೊಸಪೇಟೆ ರಸ್ತೆಯಲ್ಲಿ ಸೈಕಲ್ ಹೊಡೆದು ಮನೆಗೆ ಬಂದರೆ ಅಂಗಿ ಕಾವಿ ಬಣ್ಣ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದ ಮೇಲೆ ಒಂದಷ್ಟು ದಿನ ರಸ್ತೆಗಳು ಮೌನ ಆಗಿದ್ದವು. ಆಗ ಮತ್ತೆ ಸೈಕಲ್ ತೆಗೆದಿದ್ದೆ. ಆಮೇಲೆ ಮಂಡಿ ನೋವು.

ಬ್ರೂಸ್‌ಪೇಟೆ ಸಿವಿಲ್

ತಾತಾ, ಸ್ಪೇನಿನಲ್ಲಿ ಸೆವಿಲ್ ಅಂತ ಒಂದು ಊರಿದೆ. ಬೇಸಿಗೆಯಲ್ಲಿ ಅಲ್ಲೂ 40 ಡಿಗ್ರಿ ದಾಟುತ್ತೆ. 2006ರ ಸುಮಾರಿಗೆ ಅಲ್ಲಿ ಸೈಕಲ್ ಹೊಡೆಯೋರೇ ಇರಲಿಲ್ಲ ಅನ್ನಬಹುದು, ದಿನಕ್ಕೆ ಆರು ಸಾವಿರ ಟ್ರಿಪ್ ಇದ್ದರೆ ಹೆಚ್ಚು. ಅವರು ಒಂದು ಜಾಣತನ ಮಾಡಿದರು. ಇಲ್ಲೊಂದು ತುಂಡು ಅಲ್ಲೊಂದು ತುಂಡು ಮಾಡದೆ, 80 ಕಿ.ಮೀ. ಒಂದಕ್ಕೊಂದು ಕೂಡಿಕೊಳ್ಳೋ ದಾರಿ ಒಟ್ಟಿಗೇ ಹಾಕಿದರು, ಕಟ್ಟೆ ಹಾಕಿ ಬೇರೆ ಮಾಡಿ. ಕೆಲವೇ ವರ್ಷದಲ್ಲಿ ದಿನಕ್ಕೆ 70,000 ಟ್ರಿಪ್ ಆಯಿತು.

ತುಂಡು ದಾರಿ ಅಂದರೆ ಅರ್ಧ ಸೇತುವೆ ಇದ್ದ ಹಾಗೆ. ಟೀಚರ್ ಹೇಳಿದ ಹುಡುಗಿಯ ಅಪ್ಪ ಮನೆಯಿಂದ ಶಾಲೆವರೆಗಿನ ದಾರಿಯಲ್ಲಿ ಅತಿ ಕೆಟ್ಟ ನೂರು ಮೀಟರ್ ನೋಡಿ ತೀರ್ಮಾನ ಮಾಡುತ್ತಾರೆ. ಉಳಿದ ಎರಡು ಕಿಲೋಮೀಟರ್ ಎಷ್ಟು ಚೆನ್ನಾಗಿದ್ದರೂ ಅಷ್ಟೇ.

ಬೆಂಗಳೂರು ರೋಡ್ ಅಂಗಡಿ

ಸೆವಿಲ್‌ನವರು ಆ ಜಾಗ ಎಲ್ಲಿಂದ ತಂದರು, ಅದನ್ನೂ ಹೇಳಿ.

ಬ್ರೂಸ್‌ಪೇಟೆ ಸಿವಿಲ್

ಪಾರ್ಕಿಂಗ್‌ನಿಂದ. ಸುಮಾರು 5,000 ಕಾರು ನಿಲ್ಲೋ ಜಾಗ ತೆಗೆದರು. ಮುಚ್ಚಿಡಲ್ಲ.

ಬೆಂಗಳೂರು ರೋಡ್ ಅಂಗಡಿ

ನೋಡಿದ್ರಾ! ಅದಕ್ಕೇ ಕೇಳಿದ್ದು.

ತೋರಣಗಲ್ಲು ಟ್ರಿಪ್

ನಾನು ಲಾರಿ ಓಡಿಸುತ್ತೇನೆ. ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಲಾರಿಯವರನ್ನು ಎಲ್ಲರೂ ಬೈತೀರಿ, ಒಮ್ಮೆ ನಮ್ಮ ಸೀಟಲ್ಲಿ ಕೂತು ನೋಡಿ.

ನಮಗೆ ಎಡಗಡೆ ಬಾಗಿಲ ಕೆಳಗೆ ಏನೂ ಕಾಣಲ್ಲ. ಸಿಗ್ನಲ್‌ನಲ್ಲಿ ನಿಂತಿರುತ್ತೇವೆ, ಎಡಕ್ಕೆ ತಿರುಗಬೇಕು. ಅಷ್ಟರಲ್ಲಿ ಸೈಕಲ್‌ನವನು ಎಡಗಡೆಯಿಂದ ಬಂದು ನಮ್ಮ ಮುಂದಿನ ಚಕ್ರದ ಪಕ್ಕ ನಿಂತಿರುತ್ತಾನೆ. ಕನ್ನಡಿಯಲ್ಲಿ ಅವನಿಲ್ಲ. ಹಸಿರು ಬಿತ್ತು, ನಾವು ತಿರುಗಿಸಿದೆವು. ಮುಂದಿನ ಚಕ್ರ ದಾಟಿ ಹೋದರೂ ಹಿಂದಿನ ಚಕ್ರ ಅದೇ ಜಾಡಲ್ಲಿ ಬರಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತೆ. ಸೈಕಲ್‌ನವನಿಗೆ ಅದು ಗೊತ್ತಿರಲ್ಲ. ಮುಂದಿನದು ಹೋಯ್ತಲ್ಲ ಅಂತ ನಿರಾಳವಾಗಿ ನಿಂತಿರುತ್ತಾನೆ. ನನ್ನ ಕೈಯಿಂದ ಯಾರಿಗೂ ಏನೂ ಆಗಿಲ್ಲ. ಒಮ್ಮೆ ಆಗೋದರಲ್ಲಿತ್ತು, ಪಾನ್ ಅಂಗಡಿಯವನು ಕೂಗಿದ್ದಕ್ಕೆ ಉಳಿಯಿತು. ಆವತ್ತು ಊಟ ಇಳಿಯಲಿಲ್ಲ.

ಮಾಸ್ಟರ್, ನನಗೂ ಕಲ್ಲೇ ಬೇಕು. ಸೈಕಲ್ ಎಲ್ಲಿರುತ್ತೆ ಅಂತ ಗೊತ್ತಿದ್ದರೆ ನನಗೂ ಆರಾಮ.

ಬ್ರೂಸ್‌ಪೇಟೆ ಸಿವಿಲ್

ಅಣ್ಣಾ, ಪುಸ್ತಕದಲ್ಲಿ ಹತ್ತು ಪುಟ ಇರೋದನ್ನ ಎಷ್ಟು ಚೆನ್ನಾಗಿ ಹೇಳಿದಿರಿ. ನಾನು ಇಲ್ಲಿವರೆಗೆ ಸರ್ಕಲ್ ವಿಷಯ ಬಿಟ್ಟೇ ಬಿಟ್ಟಿದ್ದೆ, ತಪ್ಪು ನನ್ನದೇ. ನೇರ ರಸ್ತೆಯಲ್ಲಿ ಕಟ್ಟೆ ಹಾಕಿ, ರಾಯಲ್ ಸರ್ಕಲ್ ಬಂದ ಕೂಡಲೇ ಕಟ್ಟೆ ಮುಗಿಸಿ ಸೈಕಲ್‌ನವರನ್ನ ಲಾರಿ ನಡುವೆ ಬಿಟ್ಟರೆ ಹಾಕಿದ ದುಡ್ಡೆಲ್ಲಾ ದಂಡ.

ಡಚ್ಚರು, ಅಂದರೆ ಆ ನೆದರ್‌ಲ್ಯಾಂಡ್ಸ್‌ನವರು, ಮೂಲೆಯಲ್ಲಿ ಒಂದು ಬಾಳೆಕಾಯಿ ಆಕಾರದ ಕಟ್ಟೆ ಹಾಕುತ್ತಾರೆ. ಸೈಕಲ್ ಅದರ ಹಿಂದಿನಿಂದ ಹೋಗುತ್ತೆ. ತಿರುಗೋ ಲಾರಿ ಆ ಕಟ್ಟೆ ಸುತ್ತಿ ನಿಧಾನಕ್ಕೆ ಬರಬೇಕು. ದಾಟುವ ಜಾಗಕ್ಕೆ ಬರುವಷ್ಟರಲ್ಲಿ ಲಾರಿ ಹೆಚ್ಚುಕಮ್ಮಿ ನೇರವಾಗಿ ನಿಂತಿರುತ್ತೆ. ಸೈಕಲ್ ನಿಮ್ಮ ಮುಂದಿನ ಗಾಜಿನಲ್ಲಿ ಕಾಣುತ್ತೆ, ಕನ್ನಡಿಯಲ್ಲಿ ಹುಡುಕಬೇಕಿಲ್ಲ. ಕೆಂಪು ದೀಪದಲ್ಲಿ ಸೈಕಲ್ ನಿಲ್ಲೋ ಜಾಗನೂ ಲಾರಿಗಿಂತ ಮುಂದೆ.

ಬೆಂಗಳೂರು ರೋಡ್ ಅಂಗಡಿ

ಲಾರಿ ಅಣ್ಣನ ಮಾತು ಓದಿದ ಮೇಲೆ ಬರೀ ಬೇಡ ಬೇಡ ಅಂತ ಕೂರೋದು ಸರಿ ಅನಿಸಲಿಲ್ಲ. ಆದರೂ ನನ್ನ ಎರಡು ಪ್ರಶ್ನೆ ಹಾಗೇ ಇವೆ. ಬೆಳಿಗ್ಗೆ ಮಾಲು ಇಳಿಸೋ ಟೆಂಪೋ ಎಲ್ಲಿ ನಿಲ್ಲಬೇಕು? ಮತ್ತೆ ತಳ್ಳುಗಾಡಿಯವರು ಆ ದಾರಿಯಲ್ಲಿ ಬಾಳೆಹಣ್ಣು ಇಟ್ಟುಕೊಂಡು ನಿಂತರೆ ಎಬ್ಬಿಸೋರು ಯಾರು? ಕಲ್ಲಿನ ರಕ್ಷಣೆ ಅವರಿಗೂ ಇಷ್ಟ ಆಗುತ್ತೆ ನೋಡಿ.

ನನ್ನ ಅಂಗಡಿಯಲ್ಲಿ ಕೆಲಸ ಮಾಡೋ ನಾಲ್ವರಲ್ಲಿ ಇಬ್ಬರು ಸೈಕಲ್‌ನವರು, ಅದನ್ನೂ ಹೇಳಬೇಕು. ಇಲ್ಲಾಂದ್ರೆ ಅನ್ಯಾಯ.

ಬ್ರೂಸ್‌ಪೇಟೆ ಸಿವಿಲ್

ಮಾಲಿಗೆ: ಕೆಲವು ಊರಲ್ಲಿ ಕಟ್ಟೆಯ ಆಚೆ ಬದಿ, ಅಂದರೆ ರಸ್ತೆ ಕಡೆ, ಗಾಡಿ ನಿಲ್ಲಿಸುತ್ತಾರೆ. ನ್ಯೂಯಾರ್ಕ್ 2007ರಲ್ಲಿ ಒಂಬತ್ತನೇ ಅವೆನ್ಯೂದಲ್ಲಿ ಹಾಗೇ ಮಾಡಿತು. ಫುಟ್‌ಪಾತ್, ಆಮೇಲೆ ಸೈಕಲ್, ಆಮೇಲೆ ನಿಂತ ಕಾರುಗಳು, ಆಮೇಲೆ ರಸ್ತೆ. ನಿಂತ ಕಾರುಗಳೇ ಗೋಡೆ. ಕಾರಿನ ಬಾಗಿಲು ತೆರೆದಾಗ ಸೈಕಲ್‌ಗೆ ಬಡಿಯದ ಹಾಗೆ ನಡುವೆ ಮೂರಡಿ ಬಿಟ್ಟರೆ ಆಯಿತು. ಟೆಂಪೋ ಅಲ್ಲೇ ನಿಲ್ಲಬಹುದು.

ಬಾಳೆಹಣ್ಣಿಗೆ: ಅವರಿಗೂ ಗುರುತು ಹಾಕಿದ ಜಾಗ ಕೊಡದೆ ಆಗಲ್ಲ. ಜಾಗ ಕೊಡದೆ ಎಬ್ಬಿಸಿದರೆ ಸಂಜೆಗೆ ವಾಪಸ್ ಬರುತ್ತಾರೆ, ಬರಲೇಬೇಕು ಪಾಪ.

ನನ್ನ ಕೇಳಿದರೆ ಬೆಂಗಳೂರು ರೋಡ್‌ನಲ್ಲಿ ಶುರು ಮಾಡಲೇಬಾರದು. ಅಲ್ಲಿ ಹೇಗೂ ಎಲ್ಲಾ ಗಾಡಿ ಆಮೆ ನಡಿಗೆ. ಕಲ್ಲು ಬೇಕಾಗಿರೋದು ಗಾಡಿ ಜೋರಾಗಿ ಓಡೋ ಅಗಲ ರಸ್ತೆಗೆ. ರಸ್ತೆ ಸುರಕ್ಷತೆ ಬಗ್ಗೆ ಬಂದ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳೋದೂ ಹತ್ತಿರಹತ್ತಿರ ಅದೇ: ನಡೆಯೋರು, ಸೈಕಲ್, ಗಾಡಿ ಎಲ್ಲಾ ಬೆರೆಯೋ ಕಡೆ ಗಂಟೆಗೆ 30 ಕಿ.ಮೀ. ದಾಟಬಾರದು. ಬಜಾರಿಗೆ ಅದು ಸಾಕು.

ಬೆಂಗಳೂರು ರೋಡ್ ಅಂಗಡಿ

ಇದನ್ನ ಮೊದಲೇ ಹೇಳಿದ್ದರೆ ನಾನು ಅರ್ಧ ಜಗಳ ಉಳಿಸುತ್ತಿದ್ದೆ.

ಎಂಟನೇ ಕ್ಲಾಸ್ ಟೀಚರ್

ಹಾಗಾದರೆ ಎಲ್ಲಿಂದ ಶುರು? ಇನ್‌ಫ್ಯಾಂಟ್ರಿ ರಸ್ತೆ ಕಡೆ ಒಂದು ತುಂಡು ನೋಡಬಹುದಾ? ಅರ್ಜಿ ಬರೆಯೋಕೆ ನಾನಿದ್ದೇನೆ. ಆದರೆ "ಸೈಕಲ್ ದಾರಿ ಮಾಡಿ" ಅಂತ ಒಂದು ಸಾಲಿನ ಅರ್ಜಿ ಕೊಟ್ಟರೆ ಎಲ್ಲಿ ಹೋಗುತ್ತೆ ಅಂತ ಎಲ್ಲರಿಗೂ ಗೊತ್ತು. ಎಷ್ಟು ಸೈಕಲ್ ಹೋಗುತ್ತವೆ, ರಸ್ತೆ ಎಷ್ಟು ಅಗಲ, ಎಷ್ಟು ಕಡೆ ಗಲ್ಲಿ ಸೇರುತ್ತೆ, ಇದೆಲ್ಲಾ ಬರೆದಿರಬೇಕು.

ಕಟಿಂಗ್ ಮಾಸ್ಟರ್, ಕೌಲ್ ಬಜಾರ್

ಟೀಚರ್ ಹೇಳಿದ್ದು ಸರಿ. ಅಳತೆ ಇಲ್ಲದೆ ಕತ್ತರಿ ಹಾಕಬಾರದು. ಭಾನುವಾರ ನನಗೆ ರಜೆ. ಬೆಳಿಗ್ಗೆ ಆರಕ್ಕೆ ಹೋಗಿ ಅಗಲ ಅಳೆಯೋಣ, ಬಿಸಿಲು ಏರೋ ಮುಂಚೆ ಮುಗಿಯುತ್ತೆ. ಸುಣ್ಣದ ಪುಡಿಯಲ್ಲಿ ಕಟ್ಟೆ ಎಲ್ಲಿ ಬರಬೇಕು ಅಂತ ಗುರುತು ಹಾಕಿ ಫೋಟೋ ತೆಗೆಯೋಣ. ಸೈಕಲ್ ಎಣಿಸೋದು ಮಾತ್ರ ಕೆಲಸದ ದಿನವೇ ಆಗಬೇಕು. ಸೋಮವಾರ ಎಂಟರಿಂದ ಒಂಬತ್ತು ಯಾರಾದರೂ ನಿಲ್ಲಬಹುದಾ? ನಾನು ಆಗ ಆ ಸೈಕಲ್‌ಗಳಲ್ಲಿ ಒಬ್ಬನಾಗಿರುತ್ತೇನೆ.

ಆಟೋ ಅಣ್ಣ, ಮೋತಿ ಸರ್ಕಲ್

ಸೋಮವಾರ ಎಣಿಕೆ ನನಗಿರಲಿ. ಸ್ಟ್ಯಾಂಡಲ್ಲಿ ಕೂತು ನೊಣ ಎಣಿಸೋದಕ್ಕಿಂತ ವಾಸಿ. ಬೈಕ್ ನುಗ್ಗೋದನ್ನೂ ಬೇರೆ ಎಣಿಸ್ತೀನಿ, ನನ್ನ ಮಾತು ಸುಳ್ಳಲ್ಲ ಅಂತ ತೋರಿಸಬೇಕಲ್ಲ.

ರಿಟೈರ್ಡ್ ತಾತ, ಪಾರ್ವತಿನಗರ

ಭಾನುವಾರ ನಾನೂ ಬರುತ್ತೇನೆ. ಅಳೆಯೋಕಲ್ಲ, ಮಂಡಕ್ಕಿ ಒಗ್ಗರಣೆ ತರುತ್ತೇನೆ. ಮೆಣಸಿನಕಾಯಿ ಎಷ್ಟು ಜನಕ್ಕೆ ಹೇಳಬೇಕು ತಿಳಿಸಿ.

ಕಟಿಂಗ್ ಮಾಸ್ಟರ್, ಕೌಲ್ ಬಜಾರ್

ಆರು ಜನಕ್ಕೆ ಹೇಳಿ ತಾತಾ. ಡಬ್ಬಿ ಮಾತ್ರ ನಿಮ್ಮದೇ ತನ್ನಿ, ನಂದು ಚಪ್ಪಟೆ ಆಗಿದೆ.